ಸ್ಮಾರಕ ಶಿಲೆಯಲ್ಲಿ ಲೆಕ್ಕವೂ ಇರಲಿ

ಶಾಲೆ, ಕಾಲೇಜು, ವಸತಿ ನಿಲಯಗಳ ಹೆಬ್ಬಾಗಿಲಿನಲ್ಲಿ ಅಮೃತಶಿಲೆಯ ಫಲಕಗಳಿಗೆ ನಮ್ಮಲ್ಲಿ ಕೊರತೆಯಿಲ್ಲ. ಶಂಕುಸ್ಥಾಪನೆ ಮಾಡಿದವರು, ಉದ್ಘಾಟಿಸಿದವರು, ಅಧ್ಯಕ್ಷತೆ ವಹಿಸಿದವರು ಎಲ್ಲರ ಹೆಸರೂ ಅಲ್ಲಿರುತ್ತದೆ. ಸಂಸ್ಥೆಯನ್ನು ಕಟ್ಟಿದವರು ಯಾರು, ಹಣ ಎಲ್ಲಿಂದ ಬಂದಿತು, ಯಾವ ಉದ್ದೇಶಕ್ಕೆ ಬಂದಿತು ಎಂಬುದು ಮಾತ್ರ ಸಾಮಾನ್ಯವಾಗಿ ಕಾಣದು. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ವರ್ತಕರು ಮತ್ತು ಸಣ್ಣ ಉದ್ದಿಮೆದಾರರು ದೇಣಿಗೆ ನೀಡುವವರಾದ್ದರಿಂದ ಈ ಲೋಪ ನಮ್ಮದೂ ಹೌದು.

ಮಹಿಳಾ ಶಿಕ್ಷಣಕ್ಕಾಗಿ ಸಂಸ್ಥೆ ಕಟ್ಟಿದವರಿಗೆ ಸ್ಮಾರಕ ಫಲಕ ನಿಲ್ಲಿಸುವುದಾದರೆ ಕನ್ನಡ ನಾಡು ಮೊದಲು ನೆನೆಯಬೇಕಾದವರು ಪಂಡಿತಾ ರಮಾಬಾಯಿ. ಅವರು ಜನಿಸಿದ್ದು 1858ರಲ್ಲಿ, ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ. 1887ರಲ್ಲಿ ಅಮೆರಿಕದಲ್ಲಿ ಹಿಂದೂ ಸ್ತ್ರೀಯರ ಸ್ಥಿತಿಗತಿಯನ್ನು ಕುರಿತು ಇಂಗ್ಲಿಷ್ ಪುಸ್ತಕವೊಂದನ್ನು ಪ್ರಕಟಿಸಿ, ಅದರ ಮಾರಾಟದಿಂದ ತಮ್ಮ ಕಾರ್ಯಕ್ಕೆ ಹಣ ಕೂಡಿಸಿದರು. ಅದೇ ವರ್ಷ ಬೋಸ್ಟನ್ನಿನಲ್ಲಿ ಸ್ಥಾಪನೆಯಾದ ಸಂಘವು ವಿಧವೆಯರ ಶಾಲೆಗೆ 10 ವರ್ಷಗಳ ನೆರವಿನ ಭರವಸೆ ನೀಡಿತು. 1889ರಲ್ಲಿ ಮುಂಬಯಿಯಲ್ಲಿ ಶಾರದಾ ಸದನ ಆರಂಭವಾಯಿತು; ಮರುವರ್ಷ ಪುಣೆಗೆ ಸ್ಥಳಾಂತರಗೊಂಡಿತು. ಮುಂದೆ ಕೇಡಗಾಂವದ ಮುಕ್ತಿ ಸದನದಲ್ಲಿ ಓದುಬರಹದೊಂದಿಗೆ ನೇಯ್ಗೆ, ಮುದ್ರಣದಂತಹ ಕಸುಬುಗಳನ್ನೂ ಕಲಿಸಲಾಯಿತು. 1989ರಲ್ಲಿ ಭಾರತೀಯ ಅಂಚೆ ಇಲಾಖೆ ಅವರ ಸ್ಮರಣಾರ್ಥ ಅಂಚೆಚೀಟಿ ಹೊರತಂದಿತು.

ಲೆಕ್ಕಿಗನ ದೃಷ್ಟಿಯಲ್ಲಿ ಇಲ್ಲಿ ಗಮನಾರ್ಹವಾದುದು ಹಣದ ಶಿಸ್ತು. ಉದ್ದೇಶ ಸ್ಪಷ್ಟ, ಅವಧಿ ನಿಶ್ಚಿತ, ಆದಾಯ ಖಚಿತ. ಮಹರ್ಷಿ ಕರ್ವೆಯವರು 1916ರಲ್ಲಿ ಸ್ಥಾಪಿಸಿದ ಮಹಿಳಾ ವಿಶ್ವವಿದ್ಯಾಲಯಕ್ಕೂ ಹೀಗೆಯೇ ಆಸರೆ ದೊರಕಿತು. 1920ರಲ್ಲಿ ಮುಂಬಯಿಯ ಗಿರಣಿ ಮಾಲೀಕ ಸರ್ ವಿಠ್ಠಲದಾಸ ಠಾಕರಸಿಯವರು 15 ಲಕ್ಷ ರೂಪಾಯಿ ದೇಣಿಗೆ ನೀಡಿದರು. ಸಂಸ್ಥೆಗೆ ಅವರ ತಾಯಿಯ ಹೆಸರು ಬಂದಿತು. ಅರಿವೆಯ ವ್ಯಾಪಾರದಿಂದ ಬಂದ ಹಣ ವಿದ್ಯೆಗೆ ಸಂದ ಈ ಉದಾಹರಣೆ ಮಗ್ಗದ ಊರಿನವರಾದ ನಮಗೆ ದೂರದ್ದಲ್ಲ.

ಫಲಕವು ಹೊಗಳಿಕೆಯ ಪತ್ರವಾಗಬಾರದು. ರಮಾಬಾಯಿ 1883ರಲ್ಲಿ ಕ್ರೈಸ್ತಮತ ಸ್ವೀಕರಿಸಿದ್ದರು. ವಿದ್ಯಾರ್ಥಿನಿಯರ ಮೇಲೆ ಮತದ ಪ್ರಭಾವ ಬೀಳುತ್ತಿದೆಯೆಂಬ ವಿವಾದದಿಂದ 1893ರಲ್ಲಿ ಶಾರದಾ ಸದನದ ಸಲಹಾ ಮಂಡಲಿಯವರು ಹೊರನಡೆದರು. ಆಸ್ತಿಯನ್ನಷ್ಟೇ ತೋರಿಸಿ ಹೊಣೆಯನ್ನು ಮುಚ್ಚಿಡುವ ಅಢಾವೆ ಪತ್ರಿಕೆಗೆ ಯಾವ ಲೆಕ್ಕಪರಿಶೋಧಕನೂ ಸಹಿ ಹಾಕಲಾರ. ವಿವಾದವನ್ನು ಬರೆದರೆ ಸಂಸ್ಥಾಪಕರ ಘನತೆಗೆ ಕುಂದಿಲ್ಲ; ಓದುಗರ ವಿಶ್ವಾಸ ಹೆಚ್ಚುತ್ತದೆ.

ಇದು ಹೊಸ ಕಲ್ಪನೆಯೇನಲ್ಲ. ನಮ್ಮ ಜಿಲ್ಲೆಯ ಐಹೊಳೆಯ ಹೆಸರು ಹೊತ್ತ ವರ್ತಕ ಸಂಘ ‘ಅಯ್ಯಾವೊಳೆ ಐನೂರ್ವರು’ ದಕ್ಷಿಣ ಭಾರತದ ಅನೇಕ ದಾನಶಾಸನಗಳಲ್ಲಿ ಕಾಣಿಸಿಕೊಳ್ಳುತ್ತದೆ. ತೇರದಾಳದ ಗೊಂಕ ಜಿನಾಲಯದ 12ನೆಯ ಶತಮಾನದ ಶಾಸನದಲ್ಲಿಯೂ ದತ್ತಿಯ ವಿವರವಿದೆ. ಕೊಟ್ಟವರು ಯಾರು, ಕೊಟ್ಟದ್ದೇನು, ಯಾವುದಕ್ಕೆ ಎಂಬುದನ್ನು ಕಲ್ಲಿನಲ್ಲಿ ಕೊರೆಸುವ ಪದ್ಧತಿ ಹಿಂದಿನ ವರ್ತಕರಿಗೆ ತಿಳಿದಿತ್ತು.

ಆದುದರಿಂದ ನನ್ನ ಸಲಹೆ ಇಷ್ಟು. ನಮ್ಮ ನಾಲ್ಕೂ ಊರುಗಳಲ್ಲಿ ಹೆಣ್ಣುಮಕ್ಕಳ ವಿದ್ಯೆಗಾಗಿ ದುಡಿದವರನ್ನು ಗುರುತಿಸಿ, ಹಳೆಯ ಠರಾವು ಪುಸ್ತಕ ಹಾಗೂ ಖಾತೆಗಳನ್ನು ಪರಿಶೀಲಿಸಿ ಫಲಕ ನಿಲ್ಲಿಸೋಣ. ಅದರಲ್ಲಿ ಹೆಸರು, ವರ್ಷ, ಹಣದ ಮೂಲ, ಉದ್ದೇಶ ಈ ನಾಲ್ಕು ಅಂಶಗಳಿರಲಿ. ಕಲ್ಲಿಗೆ ವೆಚ್ಚ ಮಾಡಿದಷ್ಟೇ ಮೊತ್ತವನ್ನು ಕನಿಷ್ಠ ಪಕ್ಷ ಮೂಲನಿಧಿಯಾಗಿ ಬ್ಯಾಂಕಿನಲ್ಲಿಟ್ಟು, ಅದರ ಬಡ್ಡಿಯಿಂದ ವರ್ಷಕ್ಕೊಬ್ಬ ನೇಕಾರ ಅಥವಾ ಕೃಷಿ ಕೂಲಿಕಾರರ ಮಗಳ ಶುಲ್ಕ ಭರಿಸುವಂತಾಗಲಿ. ದೇಣಿಗೆಯನ್ನು ಚೆಕ್ಕಿನ ಮೂಲಕವೇ ನೀಡಿ ರಸೀದಿ ಪಡೆಯುವ ರೂಢಿಯಿರಲಿ. ಲೆಕ್ಕ ಪ್ರತಿವರ್ಷ ಪ್ರಕಟವಾಗಲಿ.

ಮೂಲನಿಧಿಯಿಲ್ಲದ ಫಲಕ ಗತಕಾಲದ ಗುರುತಾಗಿ ಉಳಿಯುತ್ತದೆ. ನಿಧಿಯೊಂದಿಗೆ ನಿಂತ ಫಲಕ ಸಂಸ್ಥಾಪಕರ ಕಾರ್ಯವನ್ನು ಮುಂದುವರಿಸುತ್ತದೆ. ವಾಣಿಜ್ಯ ಸಂಘದ ಮುಂದಿನ ಸಭೆಯಲ್ಲಿ ಸದಸ್ಯ ಬಾಂಧವರು ಈ ವಿಷಯವನ್ನು ಚರ್ಚೆಗೆ ತೆಗೆದುಕೊಳ್ಳಬೇಕೆಂದು ಕೋರುತ್ತೇನೆ.