ಲಾಂಛನ ಕೀಳಿ, ಪರವಾಗಿಲ್ಲ! ಸುಳ್ಳು ಅಂಟಿಸಬೇಡಿ!



ಏಳೆಂಟು ಲಕ್ಷ ಸುರಿದು ಕಾರು ತರುತ್ತೀರಿ. ಸಾಲದ ಕಂತು ಕಟ್ಟುವವರು ನೀವು. ಪೆಟ್ರೋಲ್ ಹಾಕಿಸುವವರು ನೀವು. ಗುಂಡಿ ಬಿದ್ದ ರಸ್ತೆಗೆ ತೆರಿಗೆ ಕಟ್ಟುವವರೂ ನೀವೇ. ಆದರೆ ಆ ಕಾರಿನ ಮೈಮೇಲೆ ಯಾರ ಹೆಸರಿದೆ, ಒಮ್ಮೆ ಸುತ್ತು ಹಾಕಿ ನೋಡಿ. ಮುಂದೆ ಕಂಪನಿಯ ಲಾಂಛನ. ಹಿಂದೆ ಕಂಪನಿಯ ಹೆಸರು. ಪಕ್ಕದಲ್ಲಿ ಮಾಡೆಲ್ ಹೆಸರು, ಅದರ ಕೆಳಗೆ ಇಂಜಿನ್ನಿನ ಗುರುತು. ಇಷ್ಟೂ ಸಾಲದೆಂದು ಹಿಂದಿನ ಗಾಜಿನ ಮೇಲೆ ಶೋರೂಮಿನವನ ಸ್ಟಿಕ್ಕರ್! ಹತ್ತು ವರ್ಷ ಊರೂರು ಸುತ್ತಿ ಇವರೆಲ್ಲರ ಜಾಹೀರಾತು ಮಾಡುತ್ತೀರಿ. ಒಂದು ಬಿಡಿಗಾಸು ಕೂಲಿ ಕೊಟ್ಟಿದ್ದಾರಾ?

ನಾನು ಪ್ರಿಂಟಿಂಗ್ ಪ್ರೆಸ್ ನಡೆಸುವವನು. ಮದುವೆ ಪತ್ರಿಕೆಯ ಮೂಲೆಯಲ್ಲಿ ನಮ್ಮ ಪ್ರೆಸ್ಸಿನ ಹೆಸರು ಸಣ್ಣದಾಗಿ ಹಾಕಬೇಕಾದರೂ ಗಿರಾಕಿಯ ಒಪ್ಪಿಗೆ ಕೇಳುತ್ತೇನೆ. ಕಾರು ಕಂಪನಿಯವರು ನಿಮ್ಮನ್ನು ಯಾವತ್ತಾದರೂ ಕೇಳಿದ್ದುಂಟೇ?

ಅದಕ್ಕೇ ಹೇಳುತ್ತೇನೆ, ನಮ್ಮ ಹುಡುಗರು ಕಾರಿನ ಲಾಂಛನ ತೆಗೆಸಿ, ಹೊಳೆಯುವ ಪಟ್ಟಿಗೆ ಕಪ್ಪು ಬಣ್ಣ ಹೊಡೆಸಿದರೆ ಅದರಲ್ಲಿ ತಪ್ಪೇನೂ ಇಲ್ಲ. "ಹೊಸ ಕಾರಿನ ಲಕ್ಷಣವನ್ನೇ ಹಾಳು ಮಾಡಿದ" ಎಂದು ಬೈಯುವ ಹಿರಿಯರಿಗೆ ನನ್ನದೊಂದು ಪ್ರಶ್ನೆ.

ಲಾಂಛನವೇನು ದೇವರ ಮೂರ್ತಿಯೇ?

ಕಂಪನಿಯವರೇ ಅದನ್ನು ಬೇಕೆಂದಾಗ ಕಿತ್ತು ಬೇಕಾದದ್ದನ್ನು ಅಂಟಿಸುತ್ತಾರೆ, ಸ್ವಾಮಿ! ನಮ್ಮ ಅಪ್ಪಂದಿರ ಕಾಲದ ಫಿಯೆಟ್ಟನ್ನೇ ನೋಡಿ. 1970ರ ದಶಕದಲ್ಲಿ ಫಿಯೆಟ್ ಹೋಗಿ ಪ್ರೀಮಿಯರ್ ಪ್ರೆಸಿಡೆಂಟ್ ಆಯಿತು, ಆಮೇಲೆ ಪದ್ಮಿನಿ ಆಯಿತು. ಗಾಡಿ ಅದೇ, ಹೆಸರು ಮಾತ್ರ ಮೂರು. 2019ರಲ್ಲಿ ಮಾರುತಿಯ ಬಲೆನೊ ಕಾರಿಗೆ ಬೇರೆ ಲಾಂಛನ ಹಾಕಿ ಗ್ಲಾನ್ಜಾ ಎಂದು ಟೊಯೋಟ ಮಾರಿತು. ನಮ್ಮ ಬಿಡದಿಗೇ ಬನ್ನಿ. 2022ರಲ್ಲಿ ಟೊಯೋಟ ಕಾರ್ಖಾನೆಯಿಂದ ಟೊಯೋಟ ಹೈರೈಡರ್ ಹೊರಬಂತು, ಅಲ್ಲಿಂದಲೇ ಮಾರುತಿಯ ಗ್ರ್ಯಾಂಡ್ ವಿಟಾರವೂ ಹೊರಬಂತು. ಒಂದೇ ಸೂರಿನಡಿ ಹುಟ್ಟಿದ ಅಣ್ಣತಮ್ಮಂದಿರು, ಹಣೆಯ ಮೇಲೆ ಮಾತ್ರ ಬೇರೆ ಬೇರೆ ನಾಮ! ಅವರು ಮಾಡಿದರೆ ವ್ಯಾಪಾರ, ನೀವು ಮಾಡಿದರೆ ಅಪಚಾರವೇ?

ಕಾನೂನಿನ ಭಯವೂ ಬೇಡ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಹೇಳುವುದು ಆರ್.ಸಿ.ಯಲ್ಲಿ ದಾಖಲಾದ ವಿವರಕ್ಕೂ ಗಾಡಿಗೂ ವ್ಯತ್ಯಾಸ ಬರಬಾರದು ಎಂದು. ಬಣ್ಣ ಆರ್.ಸಿ.ಯಲ್ಲಿದೆ. ಹಾಗಾಗಿ ಇಡೀ ಕಾರಿನ ಬಣ್ಣ ಬದಲಿಸುವುದಾದರೆ ಆರ್.ಟಿ.ಓ. ಕಚೇರಿಗೆ ಹೋಗಿ ಆರ್.ಸಿ.ಯಲ್ಲಿ ನಮೂದು ಮಾಡಿಸಲೇಬೇಕು. ಡಿಕ್ಕಿಯ ಮೇಲಿನ ಹೆಸರು, ಬಾಗಿಲ ಪಕ್ಕದ ಕ್ರೋಮ್ ಪಟ್ಟಿ ಆರ್.ಸಿ.ಯಲ್ಲಿ ಇರುವುದಿಲ್ಲ.

ಯಾರ ಕೈಗೆ ಕೊಡುತ್ತೀರಿ?

ಹಕ್ಕು ನಿಮ್ಮದು, ಸರಿ. ಆದರೆ ಹಕ್ಕು ಇದೆ ಎಂದು ಕಾರನ್ನು ಸ್ಕ್ರೂಡ್ರೈವರ್ ಹಿಡಿದ ಮೊದಲನೆಯವನ ಮುಂದೆ ನಿಲ್ಲಿಸಬೇಡಿ. ಅವನು ಲಾಂಛನದ ಅಡಿಗೆ ಅದನ್ನು ತೂರಿಸಿ ಮೀಟುತ್ತಾನೆ. ಲಾಂಛನದ ಜೊತೆ ಬಣ್ಣವೂ ಚಕ್ಕೆ ಚಕ್ಕೆಯಾಗಿ ಏಳುತ್ತದೆ. ಮುಂದಿನ ಮಳೆಗಾಲಕ್ಕೆ ಅಲ್ಲಿ ತುಕ್ಕು!

ಕೆಲಸ ಬಲ್ಲವನ ರೀತಿಯೇ ಬೇರೆ. ಮೊದಲು ಆ ಜಾಗವನ್ನು ಸೋಪಿನ ನೀರಲ್ಲಿ ತೊಳೆಯುತ್ತಾನೆ. ಕೂದಲು ಒಣಗಿಸುವ ಡ್ರೈಯರ್ ಹಿಡಿದು ಹದವಾಗಿ ಬಿಸಿ ಮಾಡುತ್ತಾನೆ. ಲಾಂಛನದ ಹಿಂದಿರುವ ಸ್ಪಂಜಿನಂಥ ಟೇಪು ಮೆತ್ತಗಾದ ಮೇಲೆ ಮೀನಿನ ಗಾಳದ ನೈಲಾನ್ ದಾರವನ್ನು ಸಂದಿಗೆ ಹಾಕಿ ಗರಗಸದ ಹಾಗೆ ಅತ್ತಿತ್ತ ಎಳೆಯುತ್ತಾನೆ. ಉಳಿದ ಅಂಟನ್ನು ಬೆರಳಲ್ಲೇ ಉಜ್ಜಿ ಉರುಳೆ ಮಾಡಿ ತೆಗೆಯುತ್ತಾನೆ. ಕೊನೆಯ ಜಿಡ್ಡಿಗೆ ಸೀಮೆಎಣ್ಣೆ ಸಾಕು, ಮತ್ತೆ ಸೋಪು ನೀರು. ಥಿನ್ನರ್ ಮಾತ್ರ ಹತ್ತಿರ ತರಬೇಡಿ. ಇಂಕು ತೊಳೆದು ಅಭ್ಯಾಸವಿರುವ ನಾನು ಹೇಳುತ್ತಿದ್ದೇನೆ, ಥಿನ್ನರ್ ಜಿಡ್ಡನ್ನೂ ತಿನ್ನುತ್ತದೆ, ಬಣ್ಣವನ್ನೂ ತಿನ್ನುತ್ತದೆ.

ಎಲ್ಲ ಲಾಂಛನವೂ ಬರೀ ಅಂಟಿನ ಮೇಲೆ ನಿಂತಿರುವುದಿಲ್ಲ. ಕೆಲವಕ್ಕೆ ಹಿಂದೆ ಮೊಳೆಯಂಥ ಕಡ್ಡಿ ಇದ್ದು ತಗಡಿನ ತೂತಿನೊಳಗೆ ಕೂತಿರುತ್ತದೆ. ಕಿತ್ತರೆ ತೂತು ಬಾಯಿ ಬಿಡುತ್ತದೆ, ನೀರು ಒಳಗಿಳಿಯುತ್ತದೆ. ಆ ತೂತು ಮುಚ್ಚಿ ಬಣ್ಣ ಹೊಡೆಸುವ ಖರ್ಚಿಗೆ ತಯಾರಿದ್ದರೆ ಮಾತ್ರ ಕೈ ಹಾಕಿ. ಈಗಿನ ಕೆಲವು ಕಾರುಗಳಲ್ಲಿ ಮುಂದಿನ ಲಾಂಛನದ ಹಿಂದೆ ರಾಡಾರ್ ಇರುತ್ತದೆ, ಮುಂದಿನ ಗಾಡಿಯ ದೂರ ಅಳೆದು ಬ್ರೇಕ್ ಹಾಕುವುದಕ್ಕೆ. ಅಂಥ ಲಾಂಛನಕ್ಕೆ ಕಂಡ ಕಂಡ ಬಣ್ಣ ಬಳಿದರೆ ರಾಡಾರಿಗೆ ಕಣ್ಣು ಕಟ್ಟಿದಂತೆ. ಶೋಕಿಗಾಗಿ ಪ್ರಾಣ ಕೊಡಬೇಕೇ?

ಹಳೆಯ ಕಾರಾದರೆ ಲಾಂಛನ ತೆಗೆದ ಜಾಗದಲ್ಲಿ ಅದರ ನೆರಳು ಉಳಿಯುತ್ತದೆ. ಸುತ್ತಲಿನ ಬಣ್ಣ ಬಿಸಿಲಿಗೆ ಮಾಸಿರುತ್ತದೆ, ಅಡಿಯದ್ದು ಹೊಸದಾಗಿಯೇ ಇರುತ್ತದೆ. ಪಾಲಿಷ್ ಮಾಡಿದರೆ ಸ್ವಲ್ಪ ಹೋಗುತ್ತದೆ, ಪೂರ್ತಿ ಹೋಗುತ್ತದೆಂದು ಯಾರಾದರೂ ಮೊದಲೇ ಆಣೆ ಮಾಡಿದರೆ ನಂಬಬೇಡಿ.

ಇನ್ನು ಕ್ರೋಮ್ ಪಟ್ಟಿಗೆ ಕಪ್ಪು ಬಳಿಯುವುದು. ಅದು ನುಣ್ಣನೆಯ ಹೊಳಪು, ಅದರ ಮೇಲೆ ಬಣ್ಣ ಹಿಡಿಯುವುದಿಲ್ಲ. ವಾಟರ್ ಪೇಪರಿನಲ್ಲಿ ಉಜ್ಜಿ ಹೊಳಪು ಸಾಯಿಸಬೇಕು, ಜಿಡ್ಡು ಒರೆಸಬೇಕು, ಪ್ರೈಮರ್ ಹೊಡೆಯಬೇಕು, ಆಮೇಲೆ ತೆಳ್ಳಗೆ ಎರಡು ಮೂರು ಕೋಟು ಕಪ್ಪು, ಕೊನೆಗೆ ಕ್ಲಿಯರ್. ಪ್ರತಿ ಕೋಟೂ ಒಣಗಬೇಕು. ಅರ್ಧ ಗಂಟೆಯಲ್ಲಿ ಸ್ಪ್ರೇ ಡಬ್ಬಿ ಅಲ್ಲಾಡಿಸಿ ಮುಗಿಸುವವನ ಕೆಲಸ ನಾಲ್ಕು ಸಲ ಕಾರು ತೊಳೆಯುವಷ್ಟರಲ್ಲಿ ಹಾವಿನ ಪೊರೆಯಂತೆ ಸುಲಿಯುತ್ತದೆ. ಪಟ್ಟಿಗೆ ಬಳಿದ ಕೈಯಲ್ಲೇ ಹಿಂದಿನ ಕೆಂಪು ದೀಪಕ್ಕೂ ಕಪ್ಪು ಬಳಿಸುವ ಮಹಾನುಭಾವರಿದ್ದಾರೆ. ನೀವು ಬ್ರೇಕ್ ಹಾಕಿದ್ದು ಹಿಂದಿನ ಲಾರಿಯವನಿಗೆ ಕಾಣಬೇಡವೇ?

ಕಿತ್ತ ಜಾಗದಲ್ಲಿ ಏನು ಅಂಟಿಸುತ್ತೀರಿ?

ನನ್ನ ಸಿಟ್ಟೆಲ್ಲ ಇರುವುದು ಇಲ್ಲಿ. ಕಡಿಮೆ ಬೆಲೆಯ ಕಾರು ತಂದು, ಅದರ ಗುರುತು ಕಿತ್ತು, ಬಿಡಿಭಾಗದ ಅಂಗಡಿಯಿಂದ ಮೇಲ್ದರ್ಜೆಯ ಕಾರಿನ ಗುರುತು ತಂದು ಅಂಟಿಸುವವರಿದ್ದಾರೆ. ಬೀಗರ ಮುಂದೆ ಜಂಬಕ್ಕಾದರೆ ನಕ್ಕು ಬಿಡೋಣ. ಆದರೆ ಅದೇ ಕಾರು ನಾಳೆ ಸೆಕೆಂಡ್ ಹ್ಯಾಂಡಿಗೆ ಹೋಗುತ್ತದೆ. ಅಷ್ಟಿಷ್ಟು ಕೂಡಿಟ್ಟು ಕೊಳ್ಳುವ ಮೇಷ್ಟ್ರೋ ಅಂಗಡಿಯವನೋ ಡಿಕ್ಕಿಯ ಮೇಲಿನ ಅಕ್ಷರ ನಂಬಿ ಸಾವಿರಾರು ರೂಪಾಯಿ ಹೆಚ್ಚು ಕೊಡುತ್ತಾನೆ. ಇದು ಹಗಲು ದರೋಡೆಯಲ್ಲದೆ ಮತ್ತೇನು? ಹಳೆ ಕಾರು ಕೊಳ್ಳುವವರೇ, ಎಚ್ಚರ! ಡಿಕ್ಕಿ ಓದಬೇಡಿ, ಆರ್.ಸಿ. ಓದಿ. ಚಾಸಿ ನಂಬರ್ ತಾಳೆ ಹಾಕಿ.

ಇದಕ್ಕಿಂತ ದೊಡ್ಡ ಸುಳ್ಳು ಇನ್ನೊಂದಿದೆ. ನಮ್ಮಲ್ಲಿ ಸ್ಟಿಕ್ಕರ್ ಕತ್ತರಿಸುವ ಯಂತ್ರವೂ ಇದೆ. "ಮೂರು ಸಿಂಹ ಹಾಕಿ ಕೊಡಿ", "ಭಾರತ ಸರ್ಕಾರ ಅಂತ ಮಾಡಿ ಕೊಡಿ" ಎಂದು ಬರುತ್ತಾರೆ. ಯಾವ ಇಲಾಖೆ ಸ್ವಾಮಿ ಎಂದರೆ "ನಮ್ಮ ಭಾವ ಇದ್ದಾರೆ" ಎನ್ನುತ್ತಾರೆ! ಭಾವನ ನೌಕರಿ ಬಾಮೈದನ ಕಾರಿಗೆ ಹತ್ತುತ್ತದೆಯೇ? ರಾಷ್ಟ್ರಲಾಂಛನದ ದುರುಪಯೋಗ ತಡೆಯುವುದಕ್ಕೆಂದೇ 2005ರಲ್ಲಿ ಕಾಯ್ದೆ ಆಗಿದೆ. ಎರಡು ವರ್ಷದವರೆಗೆ ಜೈಲು, ಅಥವಾ ಐದು ಸಾವಿರದವರೆಗೆ ದಂಡ, ಅಥವಾ ಎರಡೂ. 2017ರ ಮೇ 1ರಿಂದ ಮಂತ್ರಿಗಳ ಕಾರಿನ ಕೆಂಪು ದೀಪವನ್ನೇ ಇಳಿಸಿದ ದೇಶವಿದು. ಮಂತ್ರಿಗೇ ಇಲ್ಲದ ಜರ್ಬು ಭಾವಮೈದುನನಿಗೆ ಯಾಕೆ? ನನಗೆ ನಿಜವಾಗಿಯೂ ಪ್ರೆಸ್ ಇದೆ. ಆದರೂ ನನ್ನ ಕಾರಿನ ಮೇಲೆ "ಪ್ರೆಸ್" ಎಂದು ಹಾಕಿಕೊಂಡಿಲ್ಲ. ಪೊಲೀಸಿನವರು ಅದನ್ನು ಯಾವ ಅರ್ಥದಲ್ಲಿ ಓದುತ್ತಾರೆಂದು ನನಗೂ ಗೊತ್ತು, ನಿಮಗೂ ಗೊತ್ತು.

ಖಾಲಿ ಜಾಗಕ್ಕೆ ನಿಜ ಬರೆಯಿರಿ

ನಂಬರ್ ಪ್ಲೇಟಿನಲ್ಲಿ ಕನ್ನಡ ಅಂಕಿ ಹಾಕಿ ದಂಡ ಕಟ್ಟಿದ ಅಭಿಮಾನಿಗಳು ನಮ್ಮಲ್ಲಿ ಎಷ್ಟೋ ಜನ. ಕೇಂದ್ರದ ನಿಯಮ ಅಲ್ಲಿ ಇಂಗ್ಲಿಷ್ ಅಕ್ಷರವನ್ನೇ ಕೇಳುತ್ತದೆ. ಆದರೆ ಲಾಂಛನ ತೆಗೆದ ಡಿಕ್ಕಿಯ ಮೇಲಿನ ಜಾಗ ನಿಮ್ಮದು! ಅಲ್ಲಿ ನಿಮ್ಮ ಊರಿನ ಹೆಸರೋ ಮಗಳ ಹೆಸರೋ ಕನ್ನಡದಲ್ಲಿ ಕೂರಲಿ. ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗಿ ಪರದೇಶಿ ಕಂಪನಿಯ ಗುರುತು ಹುಡುಕುವ ಉತ್ಸಾಹದಲ್ಲಿ ಅರ್ಧ ಇದಕ್ಕಿದ್ದರೆ ಸಾಕು.

ಮಾಡಿಸುವಾಗ ಒಂದು ಮಾತು ನೆನಪಿರಲಿ. ಸ್ಟಿಕ್ಕರಿನಲ್ಲಿ ಒತ್ತಕ್ಷರ ಬೇರೆ ಚೂರಾಗಿ ಕತ್ತರಿಸಿಕೊಂಡು ಮೊದಲು ಉದುರುವುದು ಅದೇ. ಆರು ತಿಂಗಳಲ್ಲಿ "ಕನ್ನಡ" ಹೋಗಿ "ಕನಡ" ಆಗುತ್ತದೆ! ಒತ್ತಕ್ಷರ ಮೇಲಿನ ಅಕ್ಷರಕ್ಕೆ ಕೂಡಿಕೊಂಡಿರುವಂತೆ ಬರೆಸಿ. ಕತ್ತರಿಸುವ ಮುನ್ನ ಕಾಗದದ ಮೇಲೆ ಕರಡು ತೆಗೆಸಿ, ಕಾಗುಣಿತ ಓದಿ ನೋಡಿ. ತಪ್ಪು ಕನ್ನಡ ಹೊತ್ತು ತಿರುಗುವುದಕ್ಕಿಂತ ಖಾಲಿ ಡಿಕ್ಕಿಯೇ ಮೇಲು.

ಬಂಧುಗಳೇ, ಕಾಗದದ ಮೇಲೆ ಸುಳ್ಳು ಅಚ್ಚಾದರೆ ಓದಿದವರು ಬಂದು ಪ್ರೆಸ್ಸಿನವನ ಕೊರಳಪಟ್ಟಿ ಹಿಡಿಯುತ್ತಾರೆ. ತಗಡಿನ ಮೇಲಿನ ಸುಳ್ಳಿಗೂ ಅದೇ ಲೆಕ್ಕ ಇರಲಿ. ಬೇಡವಾದ ಹೆಸರನ್ನು ಧಾರಾಳವಾಗಿ ಕೀಳಿಸಿ. ಬಲ್ಲವನಿಂದ ಕೀಳಿಸಿ, ಅವನ ಕೂಲಿಗೆ ಚೌಕಾಸಿ ಮಾಡಬೇಡಿ. ನಿಮ್ಮದಲ್ಲದ ದರ್ಜೆ, ನಿಮ್ಮದಲ್ಲದ ಸಿಂಹ ಇವತ್ತೇ ಇಳಿಯಲಿ!