ಧನ ದನವಾಗದಿರಲಿ!



ರಜೆ ಬಂತೆಂದರೆ ಪುಟ್ಟ ತಮ್ಮ-ತಂಗಿಯರಿಗೆ ಆನ್‌ಲೈನಿನಲ್ಲಿ ಕನ್ನಡ ಕಲಿಸುವ ಉತ್ಸಾಹ ನಿಮ್ಮಲ್ಲಿ ಹಲವರಿಗೆ. ಬಹಳ ಸಂತೋಷ. ಲೇಕ್ ಮಾರ್ಕೆಟ್‌ಗೆ ಹೋಗಿ ಬಾಳೆಲೆ, ನುಗ್ಗೆಕಾಯಿ, ಮಲ್ಲಿಗೆ ದಂಡೆಗಳ ಫೋಟೋ ತೆಗೆದು, ಕೆಳಗೆ ಕನ್ನಡದ ಹೆಸರು ಬರೆದರೆ ಅರ್ಧ ಪಾಠ ಸಿದ್ಧ! ಆದರೆ ಆ ಫೋಟೋಗಳನ್ನು ಇದ್ದ ಹಾಗೆಯೇ ಸೇರಿಸಿಬಿಟ್ಟರೆ, ಅಪ್ಪನ ಹಳೆಯ ಫೋನಿನಲ್ಲಿ ಕಲಿಯುವ ಮಗು ತಿರುಗುವ ಚಕ್ರವನ್ನೇ ನೋಡುತ್ತ ಕೂರಬೇಕು. ದಿನದ ಡೇಟಾ ಮುಗಿದರೆ ಪಾಠವೂ ಮುಗಿಯಿತು. ಹೊರನಾಡಿನಲ್ಲಿ ಬೆಳೆಯುವ ಮಗುವಿನ ಕಣ್ಣಿಗೆ ಕನ್ನಡ ಅಕ್ಷರ ಬೀಳುವುದೇ ಅಪರೂಪ, ಅದೂ ತಪ್ಪಿದರೆ?

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ತಾನೆ? 4000ಕ್ಕೆ 3000 ಅಳತೆಯ ಫೋಟೋದಲ್ಲಿ 1 ಕೋಟಿ 20 ಲಕ್ಷ ಚುಕ್ಕೆಗಳಿರುತ್ತವೆ. 1200ಕ್ಕೆ 900 ಮಾಡಿದರೆ ಸುಮಾರು 11 ಲಕ್ಷ. ಫೋನಿನ ಪರದೆಗೆ ಇಷ್ಟು ಧಾರಾಳ.

ಇನ್ನು ಫೋಟೋವನ್ನು ಹಗುರ ಮಾಡುವ ಜೆಪಿಇಜಿ ವಿಧಾನ. ಇದರ ಮೂಲದಲ್ಲಿ ನಮ್ಮ ಊರಿನವರೊಬ್ಬರಿದ್ದಾರೆ ಗೊತ್ತೇ? ಬೆಂಗಳೂರಿನಲ್ಲಿ ಹುಟ್ಟಿ, ಅಲ್ಲೇ ಇಂಜಿನಿಯರಿಂಗ್ ಓದಿ ಅಮೆರಿಕಕ್ಕೆ ಹೋದ ನಸೀರ್ ಅಹ್ಮದ್. 1972ರಲ್ಲಿ ಅವರು ಈ ಸಂಶೋಧನೆಗೆ ಧನಸಹಾಯ ಕೇಳಿದಾಗ ಅಲ್ಲಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನ ಕೊಡಲಿಲ್ಲ. ವಿಚಾರ ತೀರಾ ಸರಳವಾಯಿತು ಎಂದಿದ್ದರಂತೆ ಒಬ್ಬ ಪರಿಶೀಲಕರು! ಅಹ್ಮದ್ ಕೈಬಿಡಲಿಲ್ಲ. ಟಿ. ನಟರಾಜನ್ ಮತ್ತು ಕೆ. ಆರ್. ರಾವ್ ಅವರೊಡನೆ 1974ರಲ್ಲಿ ಅದನ್ನು ಪ್ರಕಟಿಸಿದರು. 1992ರ ಜೆಪಿಇಜಿ ನಿಂತಿರುವುದು ಅದರ ಮೇಲೆಯೇ.

ಈ ವಿಧಾನ ಚಿತ್ರವನ್ನು ಪುಟ್ಟ ಪುಟ್ಟ ಚೌಕಗಳಾಗಿ ಒಡೆದು, ಕಣ್ಣು ಅಷ್ಟಾಗಿ ಗಮನಿಸದ ಸೂಕ್ಷ್ಮ ವಿವರಗಳನ್ನು ಬಿಟ್ಟುಬಿಡುತ್ತದೆ. ಹೂವಿಗೆ, ತರಕಾರಿಗೆ ಇದರಿಂದ ತೊಂದರೆಯಿಲ್ಲ. ಅಕ್ಷರಕ್ಕೆ ಇದೆ! ಹೆಚ್ಚು ಹಿಂಡಿದರೆ ಅಕ್ಷರದ ಅಂಚು ಕಲಸಿಹೋಗುತ್ತದೆ. 'ದ'ಕ್ಕೂ 'ಧ'ಕ್ಕೂ ಇರುವ ವ್ಯತ್ಯಾಸ ಒಂದು ಸಣ್ಣ ಗೀಟು. ಅದು ಅಳಿಸಿದರೆ ಮಗುವಿನ ಪಾಲಿಗೆ ಧನ ದನವಾಯಿತು! ನಮಗೆ ಅಭ್ಯಾಸವಿದೆ, ಊಹಿಸಿ ಓದುತ್ತೇವೆ. ಈಗಷ್ಟೇ ಕಲಿಯುವವರು ಹೇಗೆ ಊಹಿಸಿಯಾರು?

ಆದ್ದರಿಂದ ಫೋಟೋಗೆ ಜೆಪಿಇಜಿ ಇರಲಿ; ಅಕ್ಷರದ ಚಿತ್ರಕ್ಕೆ, ಏನನ್ನೂ ಕಳೆಯದ ಪಿಎನ್‌ಜಿ ಇರಲಿ. ಹೆಸರನ್ನು ಚಿತ್ರದಲ್ಲಿ ಬರೆಯದೆ ಯೂನಿಕೋಡಿನಲ್ಲಿ ಟೈಪ್ ಮಾಡಿದರಂತೂ ಇನ್ನೂ ಉತ್ತಮ. 'ಧನ' ಎಂಬ ಪದಕ್ಕೆ ಬೇಕಾಗುವುದು ಕೇವಲ 6 ಬೈಟ್. ಎಷ್ಟು ದೊಡ್ಡದು ಮಾಡಿದರೂ ಸ್ಪಷ್ಟ.

ಧ್ವನಿಗೂ ಇದೇ ಮಾತು. ಒಬ್ಬರೇ ಮಾತನಾಡುವ ಪಾಠಕ್ಕೆ ಸ್ಟೀರಿಯೋ ಬೇಡ, ಮೋನೋ ಸಾಕು. ಸೆಕೆಂಡಿಗೆ 64 ಕಿಲೋಬಿಟ್‌ನಂತೆ ಎಂಪಿ3 ಮಾಡಿದರೆ 5 ನಿಮಿಷಕ್ಕೆ ಸುಮಾರು 2.4 ಎಂಬಿ. ಅದಕ್ಕಿಂತ ಹಿಂಡುವ ಮೊದಲು ಮಹಾಪ್ರಾಣ ಕಿವಿಗೆ ಸರಿಯಾಗಿ ಬೀಳುತ್ತದೆಯೇ ಎಂದು ಕೇಳಿ ನೋಡಿ.

ಮೂಲ ಪ್ರತಿಯನ್ನು ಮಾತ್ರ ಜೋಪಾನವಾಗಿ ಬೇರೆ ಇಡಿ. ಒಮ್ಮೆ ಹಿಂಡಿ ಕಳೆದದ್ದು ಮತ್ತೆ ಬಾರದು. ಪಾಠ ಕಳುಹಿಸುವ ಮುನ್ನ ಮನೆಯಲ್ಲಿರುವ ಅತಿ ಹಳೆಯ ಫೋನಿನಲ್ಲಿ ಒಮ್ಮೆ ತೆರೆಯಿರಿ. ಅಲ್ಲಿ ಬೇಗ ತೆರೆದು, 'ಧ'ದ ಗೀಟು ಕಂಡರೆ ನಿಮ್ಮ ಪಾಠ ಎಲ್ಲ ಮಕ್ಕಳನ್ನೂ ಮುಟ್ಟುತ್ತದೆ.