ಖರ್ಚು-ವೆಚ್ಚ 7: ಸಭೆ ಇತ್ತು, ಗಲ್ಲಾದ ಕೀಲಿ ಇರಲಿಲ್ಲ

ಫೋಟೋದಲ್ಲಿರೋದು ಮೈಸೂರಿನ ಟೌನ್ ಹಾಲ್. ದೊಡ್ಡ ಗಡಿಯಾರದ ಹತ್ತಿರ ಓಡಾಡಿದವರೆಲ್ಲ ನೂರು ಸಲ ನೋಡಿರ್ತೀರಿ. ಪೂರ್ತಿ ಹೆಸರು ರಂಗಾಚಾರ್ಲು ಮೆಮೋರಿಯಲ್ ಹಾಲ್. ಆ ರಂಗಾಚಾರ್ಲು ಯಾರು ಅಂತ ಮೊನ್ನೆ ಮೊನ್ನೆವರೆಗೂ ನನಗೆ ನೆಟ್ಟಗೆ ಗೊತ್ತಿರಲಿಲ್ಲ. ಗೊತ್ತಾಗಿದ್ದು ಒಂದು ಸ್ಪರ್ಧೆಯಲ್ಲಿ ಮರ್ಯಾದೆ ಕಳ್ಕೊಂಡ ಮೇಲೆ.

ಬೇರೆ ಕಾಲೇಜಿನ ಫೆಸ್ಟ್. ವಿಷಯ: ನಿಮ್ಮದೇ ಒಂದು ರಾಜ್ಯ ಕಲ್ಪಿಸಿಕೊಳ್ಳಿ, ಅಲ್ಲಿ ರಾಜ ಇರಬೇಕು, ಶಾಸನಸಭೆಯೂ ಇರಬೇಕು, ಅದು ಹೇಗೆ ಕೆಲಸ ಮಾಡುತ್ತೆ ಹೇಳಿ. ನಾವು ನಾಲ್ಕು ಜನ ಬಿಕಾಂನವರು ಸೇರಿ 'ಮಂಜಿನಕೋಟೆ ಸಂಸ್ಥಾನ' ಕಟ್ಟಿದ್ವಿ. ಎರಡು ಮನೆ: 20 ಜನರ ಹಿರಿಯರ ಸಭೆ, 60 ಜನರ ನಾಡಸಭೆ. ಬಾವುಟ, ಲಾಂಛನ, ಪ್ರಮಾಣವಚನ, ಸಭಾಪತಿಗೆ ಬೆಳ್ಳಿ ಕೋಲು. ಬಾವುಟದ ಬಣ್ಣಕ್ಕೇ ಎರಡು ರಾತ್ರಿ ಜಗಳ ಆಗಿತ್ತು.

ಜಡ್ಜ್ ಆಗಿ ಬಂದಿದ್ದ ಮೇಡಂ ಎಲ್ಲಾ ಕೇಳಿ ಒಂದೇ ಪ್ರಶ್ನೆ ಹಾಕಿದ್ರು. "ನಿಮ್ಮ ರಾಜ ಅರಮನೆ ರಿಪೇರಿಗೆ ಅಂತ ಉಪ್ಪಿನ ಮೇಲೆ ತೆರಿಗೆ ಹಾಕ್ತಾನೆ. ನಾಡಸಭೆಯ 60 ಜನಾನೂ ಬೇಡ ಅಂತಾರೆ. ಈಗ ಏನಾಗುತ್ತಮ್ಮಾ?"

ನಮ್ಮ ಸಂವಿಧಾನ ತೆಗೆದು ಓದಿದೆ: ರಾಜರು ಸಭೆಯ ಅಭಿಪ್ರಾಯವನ್ನು ಗೌರವಿಸತಕ್ಕದ್ದು.

"ಸರಿ, ಗೌರವಿಸಿಬಿಟ್ಟು ತೆರಿಗೆ ಹಾಕ್ತಾನೆ ಅಷ್ಟೇ ತಾನೆ?"

ಹಾಲ್ ಪೂರ್ತಿ ನಗು. ಕೆಳಗಿಳಿದು ಬಂದ ಮೇಲೆ ಮೇಡಂ ಕರೆದು, "ಮೈಸೂರಿನವರಾಗಿ ಪ್ರಜಾಪ್ರತಿನಿಧಿ ಸಭೆ ಬಗ್ಗೆ ಓದ್ಕೊಳ್ದೆ ಬಂದಿದ್ದೀರಲ್ಲ" ಅಂದ್ರು. ಓದಿದೆ. ಇವತ್ತಿನ ಪೋಸ್ಟ್ ಅದರ ಮೇಲೆ. ಸ್ವಲ್ಪ ಉದ್ದ ಇದೆ, ಟೀ ಹಿಡ್ಕೊಂಡು ಕೂತ್ಕೊಳ್ಳಿ.

1881ರ ಮಾರ್ಚ್‌ನಲ್ಲಿ ಬ್ರಿಟಿಷರು 50 ವರ್ಷ ತಾವೇ ನಡೆಸಿದ ಮೈಸೂರನ್ನ ಒಡೆಯರ ಮನೆತನಕ್ಕೆ ವಾಪಸ್ ಕೊಟ್ಟರು. ರಾಜ ಚಾಮರಾಜೇಂದ್ರ ಒಡೆಯರ್, ದಿವಾನ ರಂಗಾಚಾರ್ಲು. ಅದಕ್ಕೂ ಮುಂಚೆ ಇವರು ಅರಮನೆಯ ಖರ್ಚು-ವೆಚ್ಚ ನೋಡ್ಕೊಳ್ತಿದ್ದವರು, ಅಂದ್ರೆ ನಮ್ಮ ಜಾತಿಯವರೇ, ಲೆಕ್ಕದವರು. ಕೈಗೆ ಸಿಕ್ಕ ಬ್ಯಾಲೆನ್ಸ್ ಶೀಟ್ ಮಾತ್ರ ಭಯಂಕರ. 1876-78ರ ಬರದಲ್ಲಿ ಲಕ್ಷಾಂತರ ಜನ ಸತ್ತಿದ್ರು. ಸಂಸ್ಥಾನದ ತಲೆಮೇಲೆ 80 ಲಕ್ಷ ರೂಪಾಯಿ ಸಾಲ. ಇಡೀ ವರ್ಷದ ಆದಾಯ ಸುಮಾರು ಒಂದು ಕೋಟಿ. ಅದರಲ್ಲಿ ವರ್ಷಕ್ಕೆ 35 ಲಕ್ಷ ಬ್ರಿಟಿಷರಿಗೆ ಪೊಗದಿ ಕಟ್ಟಬೇಕು ಅಂತ ಕರಾರು. ಬರದ ಹೊಡೆತ ನೋಡಿ ಅದರಲ್ಲಿ ಹೆಚ್ಚಿಸಿದ್ದ ಭಾಗವನ್ನ ಕೆಲವು ವರ್ಷ ಮುಂದಕ್ಕೆ ಹಾಕಿದ್ರು, ಅಷ್ಟೇ ದಯೆ.

ಇಂಥ ಹೊತ್ತಲ್ಲಿ ರಂಗಾಚಾರ್ಲು ಒಂದು ಸಭೆ ಕರೆದ್ರು. 1881ರ ಅಕ್ಟೋಬರ್ 7, ದಸರಾ ಸಮಯ. ತಾಲ್ಲೂಕುಗಳಿಂದ ಜಮೀನುದಾರರು, ವರ್ತಕರು, ಒಟ್ಟು 144 ಜನ. ದಿವಾನರು ಎದ್ದು ನಿಂತು ಕಳೆದ ವರ್ಷ ಆಡಳಿತದಲ್ಲಿ ಏನಾಯ್ತು, ಬರೋ ವರ್ಷ ಏನು ಮಾಡ್ತೀವಿ ಅಂತ ಅವರ ಮುಂದೆ ಹೇಳಬೇಕು. ಅವರು ತಮ್ಮ ಊರಿನ ಅಹವಾಲು ಹೇಳಬೇಕು. ಕಂಪನಿಯ ಎಜಿಎಂ ಇದ್ದ ಹಾಗೆ ಅಂದ್ಕೊಳ್ಳಿ. ಒಂದೇ ವ್ಯತ್ಯಾಸ: ಎಜಿಎಂನಲ್ಲಿ ಷೇರುದಾರರಿಗೆ ವೋಟ್ ಇರುತ್ತೆ.

ಇಲ್ಲಿರಲಿಲ್ಲ. ಯಾವ ತೆರಿಗೆಯನ್ನೂ ತಡೆಯೋ ಅಧಿಕಾರ ಇಲ್ಲ, ಯಾವ ಖರ್ಚನ್ನೂ ಕತ್ತರಿಸೋ ಅಧಿಕಾರ ಇಲ್ಲ. ಕೇಳಬಹುದು, ಮನೆಗೆ ಹೋಗಬಹುದು. ನಮ್ಮ ಮಂಜಿನಕೋಟೆಯ ನಾಡಸಭೆಯನ್ನ ನಾವೇ ಹೊಸದಾಗಿ ಕಂಡುಹಿಡಿದ್ವಿ ಅಂದ್ಕೊಂಡಿದ್ದೆ. ಅದು 140 ವರ್ಷದ ಹಿಂದೆ ನಮ್ಮೂರಲ್ಲೇ ಇತ್ತು.

ಈ ಸಭೆ ಬಗ್ಗೆ ರೀಲ್ಸ್ ನೋಡಿರ್ತೀರಿ. ಹಿಂದೆ ಢಂ ಢಂ ಮ್ಯೂಸಿಕ್, ಮೇಲೆ "ಇಡೀ ಭಾರತಕ್ಕಿಂತ ಮೊದಲೇ ಮೈಸೂರಲ್ಲಿ ಪ್ರಜಾಪ್ರಭುತ್ವ!" ನಾನೂ ಒಂದನ್ನ ಶೇರ್ ಮಾಡಿದ್ದೆ, ಒಪ್ಕೊಳ್ತೀನಿ. ಹೆಮ್ಮೆ ಪಡೋದಕ್ಕೆ ಕಾರಣ ಖಂಡಿತ ಇದೆ. ಒಬ್ಬ ದಿವಾನ ವರ್ಷಕ್ಕೊಂದು ಸಲ ಜನರ ಮುಂದೆ ನಿಂತು ಲೆಕ್ಕ ಒಪ್ಪಿಸೋದು ಆ ಕಾಲಕ್ಕೆ ಸಣ್ಣ ವಿಷಯ ಅಲ್ಲ. ಆದ್ರೆ ಪ್ರಜಾಪ್ರಭುತ್ವ ಅನ್ನೋ ಪದ ನನ್ನ ಬಾಯಿಗೆ ಬರ್ತಿಲ್ಲ. ಯಾಕಂದ್ರೆ ಆ ಪದ ಎಲ್ಲಿಂದ ಶುರುವಾಗುತ್ತೆ ಅನ್ನೋದಕ್ಕೆ ನನ್ನ ಹತ್ರ ಇರೋ ಅಳತೆಗೋಲು ಒಂದೇ, ದುಡ್ಡು. ಇಂಗ್ಲೆಂಡಿನವರು 1689ರಲ್ಲೇ, ಪಾರ್ಲಿಮೆಂಟಿನ ಒಪ್ಪಿಗೆ ಇಲ್ಲದೆ ರಾಜ ತನಗಾಗಿ ಹಣ ಎತ್ತೋದು ಕಾನೂನುಬಾಹಿರ ಅಂತ ಬರೆಸಿಕೊಂಡಿದ್ರು. ಅದೇ ಇಂಗ್ಲೆಂಡಿನವರು ಇಲ್ಲಿ ಬಂದು 35 ಲಕ್ಷ ನಿಗದಿ ಮಾಡುವಾಗ 144 ಜನರನ್ನ ಬಿಡಿ, ರಾಜನ ಅಭಿಪ್ರಾಯಕ್ಕೂ ಬೆಲೆ ಇರಲಿಲ್ಲ. ಸಂಸ್ಥಾನದ ಅತಿ ದೊಡ್ಡ ಖರ್ಚುಗಳಲ್ಲಿ ಒಂದು, ಸಭೆಯ ಕೈಗೂ ಎಟುಕಲ್ಲ, ಸಿಂಹಾಸನದ ಕೈಗೂ ಎಟುಕಲ್ಲ!

ಹಾಗಂತ ಅದು ಬರೀ ದಸರಾ ಗೊಂಬೆ ಅಂತಾನೂ ಅನ್ನೋಕಾಗಲ್ಲ. ವರ್ಷಾ ವರ್ಷ ಕರೆದು ಕೂರಿಸಿ ಲೆಕ್ಕ ಓದಿ ಹೇಳಿದ್ರೆ, ಕೇಳಿಸಿಕೊಂಡವರು ಎಷ್ಟು ದಿನ ಅಂತ ಸುಮ್ನೆ ಇರ್ತಾರೆ? 1890ರ ದಶಕದ ಹೊತ್ತಿಗೆ ಸದಸ್ಯರನ್ನ ಚುನಾವಣೆಯಿಂದ ಆರಿಸೋ ಪದ್ಧತಿ ಬಂತು. ಮತ ಇದ್ದದ್ದು ಆಸ್ತಿ, ಕಂದಾಯ, ಓದು ಇದ್ದ ಕೆಲವರಿಗೆ ಮಾತ್ರ. ನನ್ನ ಮುತ್ತಜ್ಜ ಗೇಣಿದಾರ, ಅವರ ಹೆಸರು ಆ ಪಟ್ಟಿಯಲ್ಲಿ ಇರೋ ಚಾನ್ಸೇ ಇಲ್ಲ. 1907ರಲ್ಲಿ ಕಾನೂನು ಮಾಡೋದಕ್ಕೆ ಅಂತ ಬೇರೆಯಾಗಿ ಒಂದು ಸಣ್ಣ ಶಾಸನ ಪರಿಷತ್ತು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ದಸರಾ ಅಧಿವೇಶನದ ಜೊತೆ 1917ರಿಂದ ಬಜೆಟ್ ಅಧಿವೇಶನ. ಆಮೇಲೆ ಬ್ರಜೇಂದ್ರನಾಥ ಸೀಲ್ ಸಮಿತಿಯ ವರದಿ, ಅದರ ಹಿಂದೆ 1923ರ ಕಾಯ್ದೆಗಳು: ಪ್ರಜಾಪ್ರತಿನಿಧಿ ಸಭೆಗೆ 250 ಸದಸ್ಯರು, ಪರಿಷತ್ತಿಗೆ 50. ಹೊಸ ತೆರಿಗೆ ಹಾಕೋ ಮುಂಚೆ ಸಭೆಯನ್ನ ಕೇಳಲೇಬೇಕು ಅಂತಾಯ್ತು. ಪರಿಷತ್ತಿಗೆ ಬಜೆಟ್ ಬೇಡಿಕೆಗಳ ಮೇಲೆ ಮತ ಹಾಕೋ ಹಕ್ಕು ಬಂತು, ಕೆಲವು ಬಾಬ್ತು ಬಿಟ್ಟು.

ಲೆಕ್ಕ ಹಾಕಿ. "ಬಂದು ಕೂತ್ಕೊಳ್ಳಿ" ಇಂದ "ನಿಮ್ಮನ್ನ ಕೇಳಲೇಬೇಕು" ವರೆಗೆ 42 ವರ್ಷ. ಆಗಲೂ ಅದು ಕೇಳಬೇಕು ಅಷ್ಟೇ. ಜನರಿಗೆ ಉತ್ತರ ಹೇಳೋ ಮಂತ್ರಿಮಂಡಲ ಬಂದಿದ್ದು 1947ರ ಅಕ್ಟೋಬರ್‌ನಲ್ಲಿ, ಅದೂ ದೇಶಕ್ಕೆ ಸ್ವಾತಂತ್ರ್ಯ ಬಂದ ಮೇಲೆ ಮತ್ತೆ 'ಮೈಸೂರು ಚಲೋ' ಅಂತ ಬೀದಿಗಿಳಿದು. ಕೆ.ಸಿ. ರೆಡ್ಡಿ ಮುಖ್ಯಮಂತ್ರಿ ಆದ್ರು. ಪ್ರಜಾಪ್ರತಿನಿಧಿ ಸಭೆ 1949ರಲ್ಲಿ ಬರಖಾಸ್ತಾಯ್ತು. ಈಗ ನಮಗೆಲ್ಲ ಟ್ಯಾಕ್ಸ್ ಪೇಪರಿನ ಮೊದಲ ಚಾಪ್ಟರ್‌ನಲ್ಲಿ ಬರುತ್ತಲ್ಲ, ಸಂವಿಧಾನದ 265ನೇ ವಿಧಿ, ಕಾನೂನಿನ ಅಧಿಕಾರ ಇಲ್ಲದೆ ಯಾವ ತೆರಿಗೆಯೂ ಇಲ್ಲ ಅಂತ. ಎರಡು ಮಾರ್ಕ್ಸ್‌ಗೆ ಬಾಯಿಪಾಠ ಮಾಡಿದ್ದೆ. ಆ ಒಂದು ಸಾಲಿನ ಹಿಂದೆ ಇಷ್ಟು ದಸರಾಗಳು ಕಳೆದಿವೆ ಅಂತ ಯಾರೂ ಹೇಳಿರಲಿಲ್ಲ.

ಇದನ್ನೆಲ್ಲ ಯಾಕೆ ಹಚ್ಕೊಂಡೆ ಅಂದ್ರೆ, ಹೋದ ವರ್ಷ ನಾನೇ ಒಂದು ಪ್ರಜಾಪ್ರತಿನಿಧಿ ಸಭೆಯಲ್ಲಿ ಕೂತಿದ್ದೆ. ಹಾಸ್ಟೆಲ್ ಮೆಸ್ ಸಮಿತಿ. ಪ್ರತಿ ಬ್ಲಾಕಿಂದ ಒಬ್ಬರು, ನಮ್ಮ ಬ್ಲಾಕಿಂದ ನಾನು. ತಿಂಗಳ ಮೆಸ್ ಬಿಲ್ 2,800 ಇದ್ದದ್ದು 3,400 ಆಗ್ಬೇಕು ಅಂದ್ರು. ನಾವು ಐದೂ ಜನ ಬೇಡ ಅಂದ್ವಿ. ಗ್ಯಾಸ್ ಎಷ್ಟು, ತರಕಾರಿ ಎಷ್ಟು ಅಂತ ಕೇಳಿದ್ವಿ. ಬಹಳ ಗೌರವದಿಂದ ಕೇಳಿಸಿಕೊಂಡ್ರು. ಬಿಸ್ಕತ್ತು, ಕಾಫಿ ಕೊಟ್ರು. ಹಾಜರಿ ಪುಸ್ತಕಕ್ಕೆ ಸಹಿ ಹಾಕಿಸ್ಕೊಂಡ್ರು. ಸೋಮವಾರ ನೋಟಿಸ್ ಬೋರ್ಡಲ್ಲಿ: "ವಿದ್ಯಾರ್ಥಿ ಪ್ರತಿನಿಧಿಗಳೊಂದಿಗೆ ಚರ್ಚಿಸಿ 3,400 ರೂ. ನಿಗದಿಪಡಿಸಲಾಗಿದೆ."

ಸುಳ್ಳು ಒಂದಕ್ಷರ ಇಲ್ಲ ಅದರಲ್ಲಿ. ಚರ್ಚೆ ಆಗಿತ್ತು, ನನ್ನ ಸಹಿಯೂ ಇತ್ತು. ನನ್ನ ರೂಮ್‌ಮೇಟ್ ಆ ತಿಂಗಳು ಹಾಸ್ಟೆಲ್ ಬಿಟ್ಳು. ಈಗ ಊರಿಂದ ಬೆಳಗ್ಗೆ ಆರರ ಬಸ್ಸಿಗೆ ಬರ್ತಾಳೆ, ಮೊದಲ ಪೀರಿಯಡ್ ಅರ್ಧ ಆದ್ಮೇಲೆ ಕ್ಲಾಸಿಗೆ ಬಂದು ಕೂತ್ಕೊಳ್ತಾಳೆ. "ನೀನೂ ಇದ್ಯಲ್ಲೇ ಮೀಟಿಂಗಲ್ಲಿ" ಅಂತ ಒಂದೇ ಸಲ ಕೇಳಿದ್ಳು. ಜಡ್ಜ್ ಮೇಡಂ ಉಪ್ಪಿನ ತೆರಿಗೆ ಪ್ರಶ್ನೆ ಕೇಳಿದಾಗ ನನ್ನ ಕಿವಿಗೆ ಬಿದ್ದಿದ್ದು ಅದೇ ದನಿ.

ಮಂಜಿನಕೋಟೆಯ ಸಂವಿಧಾನವನ್ನ ನಾವು ನಾಲ್ಕೂ ಜನ ಕೂತು ತಿದ್ದಿದ್ದೀವಿ. ಯಾವ ಸ್ಪರ್ಧೆಗೂ ಅಲ್ಲ, ಸುಮ್ನೆ. ಬೆಳ್ಳಿ ಕೋಲು ಹೋಯ್ತು. 'ಗೌರವಿಸತಕ್ಕದ್ದು' ಜಾಗಕ್ಕೆ 'ನಾಡಸಭೆ ಮಂಜೂರು ಮಾಡದೆ ಒಂದು ಕಾಸೂ ಎತ್ತುವಂತಿಲ್ಲ, ಒಂದು ಕಾಸೂ ಖರ್ಚು ಮಾಡುವಂತಿಲ್ಲ' ಅಂತ ಬಂತು. ಹಾಗಾದ್ರೆ ಬಜೆಟ್ ತಡವಾದ್ರೆ ಮೇಷ್ಟ್ರುಗಳ ಸಂಬಳ ಏನ್ಮಾಡ್ತೀರಿ ಅಂತ ನಮ್ಮಲ್ಲೇ ಒಬ್ಬ ಕೇಳಿದ. ಅದಕ್ಕೆ ಎರಡು ತಿಂಗಳ ಲೇಖಾನುದಾನ ಸೇರಿಸಿದ್ವಿ. ಹಿರಿಯರ ಸಭೆಗೆ ದುಡ್ಡಿನ ವಿಷಯದಲ್ಲಿ ಮಾತಾಡೋಕೆ 14 ದಿನ, ತಡೆಯೋಕೆ ಬರಲ್ಲ. ಪೂರ್ತಿ ಕರಡು ಕೊನೇ ಸ್ಲೈಡಲ್ಲಿದೆ, ತೂತು ಕಂಡ್ರೆ ಕಾಮೆಂಟಲ್ಲಿ ಹಾಕಿ.

ಮುಂದಿನ ಮೆಸ್ ಸಮಿತಿ ಸಭೆ ಇದೇ ಶನಿವಾರ. ನಾನು ಇನ್ನೂ ಸದಸ್ಯೆ. ಹಾಜರಿ ಪುಸ್ತಕ ಬಂದಾಗ ಸಹಿ ಪಕ್ಕದಲ್ಲಿ 'ಹಾಜರು, ಒಪ್ಪಿಗೆ ಇಲ್ಲ' ಅಂತ ಬರೀತೀನಿ. ಆ ಕಾಲಂ ಅಗಲ ಅಳೆದು ನೋಡಿದ್ದೀನಿ, ಸಣ್ಣಕ್ಷರದಲ್ಲಿ ಬರೆದ್ರೆ ಹಿಡಿಯುತ್ತೆ.